ಟ್ರೆಂಟ್ ಹೋಗಿದ್ದು 2025ರಲ್ಲಿ, ಕೈತಪ್ಪಿದ್ದು 2023ರಲ್ಲಿ

ಪ್ರಶ್ನೆ: ಸರ್, ನಾನು ಓದುವ ದಿನಗಳಿಂದಲೂ ಲಿವರ್‌ಪೂಲ್ ಅಭಿಮಾನಿ. ನಾವು ಕೆಲವು ಗೆಳೆಯರು ಸೇರಿ ಒಟ್ಟಿಗೆ ಮ್ಯಾಚ್ ನೋಡುತ್ತೇವೆ. ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್ ರಿಯಲ್ ಮ್ಯಾಡ್ರಿಡ್ ಸೇರಿದಾಗಿನಿಂದ ನಮ್ಮಲ್ಲಿ ಜಗಳ ನಿಂತೇ ಇಲ್ಲ. ಅರ್ಧ ಜನ ಅವನನ್ನು ದ್ರೋಹಿ ಅಂತಾರೆ. ಬೇಕಂತಲೇ ಕಾಂಟ್ರಾಕ್ಟ್ ಮುಗಿಯುವವರೆಗೆ ಕಾದು, ಬೆಳೆಸಿದ ಕ್ಲಬ್‌ಗೆ ಬಿಡಿಗಾಸೂ ಸಿಗದ ಹಾಗೆ ಮಾಡಿ, ನಮ್ಮನ್ನು ಎರಡು ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಸೋಲಿಸಿದವರ ಮನೆಗೇ ಹೋದ ಅನ್ನೋದು ಅವರ ಮಾತು. ಇನ್ನರ್ಧ ಜನ, ಅವಧಿ ಮುಗಿದಿತ್ತು, ಹೋದ, ಅದರಲ್ಲಿ ತಪ್ಪೇನು ಅಂತಾರೆ. ನನ್ನ ತಮ್ಮ ಟ್ರೆಂಟ್‌ನ 66 ನಂಬರಿನ ಜರ್ಸಿ ಹಾಕಿಕೊಂಡು ಬಂದರೆ ಬೈಸಿಕೊಳ್ಳುತ್ತಾನೆ. ಕ್ಲಬ್ ಇದನ್ನು ತಡೆಯಬಹುದಿತ್ತಾ? ಅವನಿಗೆ ಬೂ ಅಂದಿದ್ದು ಸರಿಯಾ? ಅವನ ರೈಟ್ ಬ್ಯಾಕ್ ಜಾಗ, ಅಂದರೆ ಬಲ ಅಂಚಿನ ಡಿಫೆಂಡರ್ ಜಾಗ, ಇನ್ನು ತುಂಬುತ್ತಾ? ಒಪ್ಪಂದಗಳ ಒಳಗೆ ನಿಜವಾಗಿ ಏನು ನಡೆಯುತ್ತೆ ಅಂತ ಗೊತ್ತಿರುವವರು ಹೇಳಿದರೆ ನಮ್ಮ ಜಗಳಕ್ಕಾದರೂ ಒಂದು ದಾರಿ ಸಿಗುತ್ತೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ನೋವು ಕಲೆಸಿಹೋಗಿವೆ. ಅವನು ಹೋದದ್ದು ಒಂದು, ದುಡ್ಡು ಸಿಗದೆ ಹೋದದ್ದು ಇನ್ನೊಂದು, ಹೋದ ಜಾಗ ಮತ್ತೊಂದು. ಒಂದಕ್ಕೆ ಕೊಡಬೇಕಾದ ಉತ್ತರವನ್ನು ಇನ್ನೊಂದಕ್ಕೆ ಕೊಡುತ್ತಾ ಹೋದರೆ ಜಗಳ ಮುಗಿಯುವುದಿಲ್ಲ. ನಾನು ಆಟಗಾರರ ಒಪ್ಪಂದದ ಮಾತುಕತೆಗಳಲ್ಲಿ ಕೆಲಸ ಮಾಡಿದವನು. ಕ್ಲಬ್ ಪರವಾಗಿ ಕೂತಿದ್ದೇನೆ, ಆಟಗಾರರ ಪರವಾಗಿಯೂ ಕೂತಿದ್ದೇನೆ. ಆ ಅನುಭವದಿಂದ ಹೇಳೋದಾದರೆ, ನಿಮ್ಮ ಗುಂಪಿನ ಎರಡೂ ಕಡೆಯವರು ತಪ್ಪು ತಾರೀಖು ಹಿಡಿದು ಜಗಳ ಆಡುತ್ತಿದ್ದೀರಿ. ಎಲ್ಲರ ಕಣ್ಣೂ 2025ರ ಮೇ 5ರ ಮೇಲಿದೆ, ಅವನು ವಿಡಿಯೋ ಹಾಕಿ ಹೋಗ್ತೀನಿ ಅಂತ ಹೇಳಿದ ದಿನ. ನನ್ನ ಪ್ರಕಾರ ಈ ವಿಷಯ ಕೈತಪ್ಪಿದ್ದು ಅದಕ್ಕೆ ಎರಡು ವರ್ಷ ಮುಂಚೆ.

ಮೊದಲು ನಿಯಮ ನೋಡೋಣ. 1995ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಬೋಸ್ಮನ್ ಪ್ರಕರಣದ ತೀರ್ಪು ಕೊಟ್ಟಿತು. ಬೆಲ್ಜಿಯಂನ ಲೀಜ್ ಕ್ಲಬ್‌ನಲ್ಲಿದ್ದ ಜೀನ್-ಮಾರ್ಕ್ ಬೋಸ್ಮನ್ ಅವಧಿ ಮುಗಿದ ಮೇಲೂ ಬೇರೆ ಕಡೆ ಹೋಗಲಾಗದೆ ಸಿಕ್ಕಿಕೊಂಡಿದ್ದ. ಒಪ್ಪಂದವೇ ಇಲ್ಲದ ಆಟಗಾರನನ್ನು ಹಳೆಯ ಕ್ಲಬ್ ದುಡ್ಡು ಕೇಳಿ ಹಿಡಿದಿಟ್ಟುಕೊಳ್ಳುತ್ತಿದ್ದ ಕಾಲ ಅದು. ಆ ತೀರ್ಪಿನ ನಂತರ ಅವಧಿ ಮುಗಿಸಿದವನು ಸ್ವತಂತ್ರ. ಕೊನೆಯ ಆರು ತಿಂಗಳಲ್ಲಿ ಬೇರೆ ದೇಶದ ಕ್ಲಬ್ ಜೊತೆ ಮುಂಚಿತವಾಗಿಯೇ ಸಹಿ ಹಾಕುವುದಕ್ಕೂ ಅವಕಾಶ ಇದೆ. ಟ್ರೆಂಟ್ 2021ರ ಜುಲೈನಲ್ಲಿ ಹಾಕಿದ್ದ ಸಹಿ 2025ರ ಜೂನ್ 30ರವರೆಗೆ. ಕೊನೆಯ ವರ್ಷವೂ ಆಡಿದ, ಲೀಗ್ ಗೆದ್ದ, ಆಮೇಲೆ ಹೊರಟ. ಕೊಟ್ಟ ಮಾತು ಮುರಿದ ಅನ್ನೋದಕ್ಕೆ ಇಲ್ಲಿ ಜಾಗವೇ ಇಲ್ಲ.

ಹೋಲಿಸಿ ನೋಡಬೇಕು ಅಂದರೆ ಆಶ್ಲೆ ಕೋಲ್ ಪ್ರಕರಣ ಇದೆ. ಅವನೂ ಫುಲ್ ಬ್ಯಾಕ್, ಅಂದರೆ ಅಂಚಿನ ಡಿಫೆಂಡರ್, ಅವನೂ ತನ್ನ ಕ್ಲಬ್ ಆರ್ಸೆನಲ್‌ನ ಅಕಾಡೆಮಿಯಲ್ಲೇ ಬೆಳೆದವನು. 2005ರ ಜನವರಿಯಲ್ಲಿ, ಆರ್ಸೆನಲ್ ಜೊತೆ ಒಪ್ಪಂದ ಇರುವಾಗಲೇ, ಲಂಡನ್‌ನ ಒಂದು ಹೋಟೆಲ್‌ನಲ್ಲಿ ಚೆಲ್ಸಿಯವರನ್ನು ಕದ್ದು ಭೇಟಿಯಾದ. ಚೆಲ್ಸಿಗೆ 3 ಲಕ್ಷ ಪೌಂಡ್ ದಂಡ ಬಿತ್ತು, ಕೋಲ್‌ಗೂ ಚೆಲ್ಸಿ ಕೋಚ್ ಮೊರಿನ್ಯೊಗೂ ದಂಡ ಬಿತ್ತು. ಮುಂದಿನ ವರ್ಷ ಅವನು ಅದೇ ಚೆಲ್ಸಿಗೆ ಹೋದ, ಆರ್ಸೆನಲ್‌ಗೆ 50 ಲಕ್ಷ ಪೌಂಡ್ ಮತ್ತು ವಿಲಿಯಂ ಗಾಲಾಸ್ ಸಿಕ್ಕಿದರು. ಅದು ನಿಯಮ ಮುರಿದು ನಡೆದ ವ್ಯವಹಾರ. ಒಂದೇ ಊರಿನ ಎದುರಾಳಿ ಬೇರೆ. ಅವತ್ತಿನ ಸಿಟ್ಟನ್ನು ಟ್ರೆಂಟ್ ಮೇಲೆ ಹಾಗೇ ಹೊರಿಸಿದರೆ ಅನ್ಯಾಯವಾಗುತ್ತೆ.

ಆದರೆ 'ಅವಧಿ ಮುಗಿದಿತ್ತು, ಹೋದ' ಅನ್ನುವವರ ವಾದವೂ ಪೂರ್ತಿ ಸರಿ ಇಲ್ಲ. ಆಟಗಾರ ಫ್ರೀ ಆಗಿ ಹೋದ ಅಂದರೆ ಯಾರಿಗೂ ಖರ್ಚಿಲ್ಲ ಅಂತ ಅಲ್ಲ. ಹಳೆಯ ಕ್ಲಬ್‌ಗೆ ಹೋಗಬೇಕಿದ್ದ ದುಡ್ಡಿನ ಒಂದು ಪಾಲು ಆಟಗಾರನಿಗೆ ಸೈನಿಂಗ್ ಬೋನಸ್ ಆಗಿ, ಜಾಸ್ತಿ ಸಂಬಳವಾಗಿ ಬರುತ್ತೆ. ಒಂದು ಪಾಲು ಏಜೆಂಟ್‌ಗೆ. ಉಳಿದದ್ದು ಹೊಸ ಕ್ಲಬ್‌ಗೆ ಉಳಿತಾಯ. ಕೊನೆಯ ವರ್ಷ ಸಹಿ ಹಾಕದೆ ಕಾಯುವ ಯಾವ ಆಟಗಾರನಿಗೂ ಈ ಲೆಕ್ಕ ಚೆನ್ನಾಗಿ ಗೊತ್ತಿರುತ್ತೆ. ಗೊತ್ತಿಲ್ಲದಿದ್ದರೆ ನಮ್ಮಂಥವರು ಹೇಳಿಕೊಡ್ತೀವಿ, ಅದು ನಮ್ಮ ಕೆಲಸ. ಹಾಗಾಗಿ ಟ್ರೆಂಟ್‌ಗೆ ಇದು ತಾನಾಗಿ ಆಗಿಹೋಯ್ತು ಅಂತ ಯಾರೂ ಹೇಳಬೇಡಿ. ಅವನಿಗೆ ಒಂದು ಆಯ್ಕೆ ಇತ್ತು, ಅವನು ಆಯ್ದುಕೊಂಡ.

ಇದೇ ದಾರಿಯಿಂದ ಲಿವರ್‌ಪೂಲ್‌ಗೂ ಆಟಗಾರರು ಬಂದಿದ್ದಾರೆ ಅನ್ನೋದು ನಿಮ್ಮ ಗೆಳೆಯರಿಗೆ ನೆನಪಿದೆಯಾ? ಜೋಯಲ್ ಮಾಟಿಪ್ ಚಿಕ್ಕಂದಿನಿಂದ ಜರ್ಮನಿಯ ಶಾಲ್ಕೆ ಕ್ಲಬ್‌ನಲ್ಲಿ ಬೆಳೆದವನು. 2016ರಲ್ಲಿ ಅವಧಿ ಮುಗಿಸಿ ಫ್ರೀ ಆಗಿ ಲಿವರ್‌ಪೂಲ್‌ನ ಮೈದಾನ ಆನ್‌ಫೀಲ್ಡ್‌ಗೆ ಬಂದ. ಮೂರು ವರ್ಷದ ನಂತರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಒರಿಗಿಯ ಗೋಲಿಗೆ ಪಾಸ್ ಕೊಟ್ಟವನು ಅವನೇ. ಶಾಲ್ಕೆಯ ಅಭಿಮಾನಿಗಳಿಗೂ ಇದೇ ಸಂಕಟ ಆಗಿತ್ತು, ಅಲ್ವಾ? ನಾವು ಮಾತ್ರ ಆಗ ಎಂಥಾ ಒಳ್ಳೆಯ ವ್ಯಾಪಾರ ಅಂತ ಖುಷಿಪಟ್ಟೆವು.

ಈಗ 2023ಕ್ಕೆ ಬರೋಣ. ನನ್ನ ಮಟ್ಟಿಗೆ ಇಡೀ ಕಥೆ ಇಲ್ಲೇ ಇದೆ. ಒಬ್ಬ ಮುಖ್ಯ ಆಟಗಾರನ ಅವಧಿ ಇನ್ನು ಎರಡು ವರ್ಷ ಇರುವಾಗ ಕ್ಲಬ್ ಕೂತು ನಿರ್ಧಾರ ಮಾಡಬೇಕು. ಹೊಸ ಸಹಿ ಹಾಕಿಸಬೇಕು, ಇಲ್ಲ ಅಂದರೆ ಮಾರುವ ಯೋಚನೆ ಮಾಡಬೇಕು. ಎರಡು ವರ್ಷ ಇದ್ದಾಗ ಹಿಡಿತ ಕ್ಲಬ್ ಕೈಯಲ್ಲಿರುತ್ತೆ. ಒಂದು ವರ್ಷಕ್ಕೆ ಇಳಿದಾಗ ಇಬ್ಬರ ಬಲವೂ ಸಮ. ಆರು ತಿಂಗಳಿಗೆ ಬಂದರೆ ಕ್ಲಬ್ ಬರೀ ಕೇಳಿಕೊಳ್ಳಬಹುದು ಅಷ್ಟೆ. ಟ್ರೆಂಟ್‌ಗೆ ಎರಡು ವರ್ಷ ಉಳಿದಿದ್ದು 2023ರ ಬೇಸಿಗೆಯಲ್ಲಿ. ಆ ಬೇಸಿಗೆಯಲ್ಲೇ ಅವನನ್ನು ಉಪನಾಯಕ ಮಾಡಿದರು, ಆದರೆ ಹೊಸ ಸಹಿ ಬೀಳಲಿಲ್ಲ.

ಯಾಕೆ ಅಂತ ಕೇಳಿದರೆ, ಮೇಜಿನ ಆ ಕಡೆ ಯಾರು ಕೂತಿದ್ದರು ನೋಡಿ. ಆಟಗಾರರ ಖರೀದಿ, ಒಪ್ಪಂದ ನೋಡಿಕೊಳ್ಳುವ ಸ್ಪೋರ್ಟಿಂಗ್ ಡೈರೆಕ್ಟರ್ ಮೈಕೆಲ್ ಎಡ್ವರ್ಡ್ಸ್ 2022ರಲ್ಲಿ ಹೋದರು. ಅವರ ಜಾಗಕ್ಕೆ ಬಂದ ಜೂಲಿಯನ್ ವಾರ್ಡ್ ಒಂದು ವರ್ಷಕ್ಕೆ ಬಿಟ್ಟರು. 2023ರ ಬೇಸಿಗೆಯಲ್ಲಿ ಯೋರ್ಗ್ ಶ್ಮಾಟ್‌ಕೆ ತಾತ್ಕಾಲಿಕವಾಗಿ ಬಂದು 2024ರ ಜನವರಿ ಕೊನೆಗೆ ಹೊರಟರು. ಅದೇ ಜನವರಿಯಲ್ಲಿ ಕೋಚ್ ಕ್ಲಾಪ್ ತಾವೂ ಹೋಗುವುದಾಗಿ ಹೇಳಿದರು. ಎಡ್ವರ್ಡ್ಸ್ ಮಾರ್ಚ್‌ನಲ್ಲಿ ಬೇರೆ ಹುದ್ದೆಗೆ ವಾಪಸ್ ಬಂದರು, ಹೊಸ ಸ್ಪೋರ್ಟಿಂಗ್ ಡೈರೆಕ್ಟರ್ ರಿಚರ್ಡ್ ಹ್ಯೂಸ್ ಕೆಲಸ ಶುರು ಮಾಡುವ ಹೊತ್ತಿಗೆ 2024ರ ಬೇಸಿಗೆ. ಅಷ್ಟರಲ್ಲಿ ಟ್ರೆಂಟ್, ಸಲಾಹ್, ವ್ಯಾನ್ ಡೈಕ್ ಮೂವರಿಗೂ ಒಂದೇ ವರ್ಷ ಉಳಿದಿತ್ತು. ಮುಂದಿನ ಕೋಚ್ ಯಾರು, ಅವನನ್ನು ಎಲ್ಲಿ ಆಡಿಸ್ತಾರೆ, ತಂಡ ಕಟ್ಟುವವರು ಯಾರು ಅಂತ ಹೇಳುವವರೇ ಇಲ್ಲದ ತಿಂಗಳುಗಳಲ್ಲಿ ಯಾವ ಆಟಗಾರ ಐದು ವರ್ಷಕ್ಕೆ ಸಹಿ ಹಾಕ್ತಾನೆ? ನಾನು ಅವನ ಪರ ಕೂತಿದ್ದರೆ 'ಸ್ವಲ್ಪ ತಡಿ' ಅಂತಲೇ ಹೇಳುತ್ತಿದ್ದೆ.

ವಯಸ್ಸಿನ ಲೆಕ್ಕವೂ ಇದೆ. ಸಲಾಹ್ ಮತ್ತು ವ್ಯಾನ್ ಡೈಕ್ 2025ರ ಏಪ್ರಿಲ್‌ನಲ್ಲಿ ಎರಡೆರಡು ವರ್ಷಕ್ಕೆ ಸಹಿ ಹಾಕಿದರು, ಅವರಿಗೆ ನಿಷ್ಠೆ ಇದೆ ಇವನಿಗಿಲ್ಲ ಅಂತ ಜನ ಹೇಳುತ್ತಾರೆ. ಅವರಿಬ್ಬರೂ ಮೂವತ್ತು ದಾಟಿದವರು. ಅವರಿಗೆ ಬೇಕಿದ್ದದ್ದು ಸರಿಯಾದ ಸಂಬಳದಲ್ಲಿ ಇನ್ನೆರಡು ವರ್ಷ. ಟ್ರೆಂಟ್‌ಗೆ 26. ಒಬ್ಬ ಫುಲ್ ಬ್ಯಾಕ್‌ನ ಜೀವನದಲ್ಲಿ ದೊಡ್ಡ ಒಪ್ಪಂದ ಒಂದು ಸಲ, ಹೆಚ್ಚೆಂದರೆ ಎರಡು ಸಲ ಬರುತ್ತೆ, ಮತ್ತು ಅದು ಬರುವುದು ಇದೇ ವಯಸ್ಸಿಗೆ. ಮ್ಯಾಡ್ರಿಡ್ ಕೊಟ್ಟದ್ದು ಆರು ವರ್ಷ, 2031ರವರೆಗೆ.

ಮ್ಯಾಡ್ರಿಡ್‌ಗೆ ಇದು ಹೊಸದೇನಲ್ಲ. 2021ರಲ್ಲಿ ಅಲಾಬಾ, 2022ರಲ್ಲಿ ರೂಡಿಗರ್, 2024ರಲ್ಲಿ ಎಂಬಾಪೆ, ಎಲ್ಲರೂ ಅವಧಿ ಮುಗಿಸಿ ಬಂದವರೇ. ಅವರು ಕಾಯೋದನ್ನು ಕಲಿತಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಅವರ ರೈಟ್ ಬ್ಯಾಕ್ ಕಾರ್ವಹಾಲ್ ಮಂಡಿಗೆ ದೊಡ್ಡ ಪೆಟ್ಟಾದ ಮೇಲೆ ಆ ಜಾಗಕ್ಕೆ ಒಬ್ಬನ ಅಗತ್ಯ ಇನ್ನೂ ಹೆಚ್ಚಾಯ್ತು. ಇನ್ನೊಂದು ವಿಷಯ, ಬಿಡಿಗಾಸೂ ಸಿಗಲಿಲ್ಲ ಅನ್ನೋದು ನಿಜವಲ್ಲ. ಜೂನ್‌ನಲ್ಲಿ ಶುರುವಾಗುವ ಕ್ಲಬ್ ವಿಶ್ವಕಪ್‌ಗೆ ಅವನು ಬೇಕಿದ್ದ ಕಾರಣ, ಒಂದು ತಿಂಗಳು ಮುಂಚೆ ಬಿಡಿಸಿಕೊಳ್ಳಲು ಮ್ಯಾಡ್ರಿಡ್ ಸುಮಾರು ಒಂದು ಕೋಟಿ ಯೂರೋ ಕೊಟ್ಟಿತು ಅಂತ ವರದಿಯಾಯಿತು. ಅವನ ಯೋಗ್ಯತೆಗೆ ಹೋಲಿಸಿದರೆ ಅದು ತೀರಾ ಕಡಿಮೆ, ನಿಜ. ಅಕಾಡೆಮಿಯಲ್ಲಿ ಬೆಳೆದ ಆಟಗಾರನಿಗೆ ಕ್ಲಬ್‌ನ ಲೆಕ್ಕದ ಪುಸ್ತಕದಲ್ಲಿ ಕೊಂಡ ಬೆಲೆ ಅಂತ ಇರುವುದೇ ಇಲ್ಲ, ಮಾರಿದರೆ ಬಂದದ್ದೆಲ್ಲ ಲಾಭ. ಆ ಲಾಭ ಹೋಯ್ತು ಅನ್ನುವ ನಿಮ್ಮ ಗೆಳೆಯರ ಸಂಕಟಕ್ಕೆ ಅರ್ಥ ಇದೆ.

ಹಾಗಾದರೆ ಕ್ಲಬ್ ಏನು ಮಾಡಬಹುದಿತ್ತು? ಒಂದು ದಾರಿ ಜರ್ಮನಿಯ ಬಯರ್ನ್ ಮಾಡಿದ್ದು. ಅಲ್ಫಾನ್ಸೊ ಡೇವಿಸ್ ಕೂಡ ಫುಲ್ ಬ್ಯಾಕ್, ಅವನ ಅವಧಿಯೂ 2025ಕ್ಕೆ ಮುಗಿಯುತ್ತಿತ್ತು, ಅವನ ಹೆಸರೂ ಮ್ಯಾಡ್ರಿಡ್ ಜೊತೆಗೇ ಕೇಳಿಬರುತ್ತಿತ್ತು. ಬಯರ್ನ್ ಬಹಿರಂಗವಾಗಿಯೇ ಒತ್ತಡ ಹಾಕಿತು, ಜಗಳವೂ ಆಯ್ತು, ಕೊನೆಗೆ 2025ರ ಫೆಬ್ರುವರಿಯಲ್ಲಿ 2030ರವರೆಗೆ ಸಹಿ ಬಿತ್ತು. ಅಂದರೆ ಕೊನೆಯ ತಿಂಗಳುಗಳಲ್ಲೂ ಆಟಗಾರನನ್ನು ಉಳಿಸಿಕೊಳ್ಳಬಹುದು. ಆದರೆ ಇದರಲ್ಲಿ ಅಪಾಯ ಇದೆ. ಒಬ್ಬನಿಗೆ ಸಂಬಳ ಏರಿಸಿದರೆ ಮಾರನೇ ದಿನವೇ ಇನ್ನೂ ನಾಲ್ಕು ಜನರ ಏಜೆಂಟ್‌ಗಳು ಫೋನ್ ಮಾಡುತ್ತಾರೆ. ಇದು ನಾನು ಕಣ್ಣಾರೆ ಕಂಡ ವಿಷಯ. ಸಹಿ ಹಾಕಿದವನು ಮುಂದಿನ ತಿಂಗಳೇ ಗಾಯಗೊಂಡರೆ ಐದು ವರ್ಷದ ಸಂಬಳ ಕ್ಲಬ್ ತಲೆ ಮೇಲೆ ಇರುತ್ತೆ. ಡೇವಿಸ್‌ಗೆ ಮರುತಿಂಗಳೇ, ಕೆನಡಾ ಪರ ಆಡುವಾಗ, ಮಂಡಿಯ ಲಿಗಮೆಂಟ್ ಹರಿಯಿತು.

ಇನ್ನೊಂದು ದಾರಿ ಮಾರುವುದು. ಟಾಟನ್‌ಹ್ಯಾಮ್ 2017ರಲ್ಲಿ ಕೈಲ್ ವಾಕರ್‌ನನ್ನು ಮ್ಯಾಂಚೆಸ್ಟರ್ ಸಿಟಿಗೆ ಮಾರಿತು, ಒಬ್ಬ ಫುಲ್ ಬ್ಯಾಕ್‌ಗೆ ಆಗಿನ ಕಾಲಕ್ಕೆ ಬಹಳ ದೊಡ್ಡ ಮೊತ್ತ, 4.5 ಕೋಟಿ ಪೌಂಡ್ ಮತ್ತು ಮೇಲೆ ಒಂದಷ್ಟು. ಕೈಗೆ ದುಡ್ಡು ಬಂತು. ಆದರೆ ವಾಕರ್ ಸಿಟಿಯಲ್ಲಿ ಒಂದರ ಮೇಲೊಂದು ಲೀಗ್ ಗೆಲ್ಲುವುದನ್ನು ಟಾಟನ್‌ಹ್ಯಾಮ್ ಅಭಿಮಾನಿಗಳು ನೋಡುತ್ತಾ ಕೂರಬೇಕಾಯಿತು. 2023ರಲ್ಲಿ ಟ್ರೆಂಟ್‌ನನ್ನು ಮಾರಿದ್ದರೆ ನಿಮ್ಮ ಗುಂಪು ಏನು ಮಾಡುತ್ತಿತ್ತು ಹೇಳಿ. ಮಾಲೀಕರ ವಿರುದ್ಧ ಘೋಷಣೆ ಕೂಗುತ್ತಿದ್ದವರಲ್ಲಿ ಈಗ ದುಡ್ಡು ಹೋಯ್ತು ಅನ್ನುವವರೇ ಮುಂದೆ ಇರುತ್ತಿದ್ದರು.

ಮೂರನೆಯದು ಲಿವರ್‌ಪೂಲ್ ಮಾಡಿದ್ದು, ಕೊನೆಯವರೆಗೆ ಇಟ್ಟುಕೊಂಡು ಆಡಿಸುವುದು. 2025ರ ಜನವರಿಗೇ ಕೊಡಿ ಅಂತ ಮ್ಯಾಡ್ರಿಡ್ ಕೇಳಿದಾಗ ಕ್ಲಬ್ ಒಪ್ಪಲಿಲ್ಲ ಅಂತ ಆಗಲೇ ಪತ್ರಿಕೆಗಳಲ್ಲಿ ಬಂದಿತ್ತು. ಏಪ್ರಿಲ್ 27ರಂದು ಟಾಟನ್‌ಹ್ಯಾಮ್ ವಿರುದ್ಧ 5-1ರಿಂದ ಗೆದ್ದು ಲೀಗ್ ಪಟ್ಟ ಖಚಿತವಾಯಿತು. ಜನವರಿಯಲ್ಲಿ ಮಾರಿದ್ದರೂ ಪಟ್ಟ ಬರುತ್ತಿತ್ತಾ? ಬಂದಿರಲೂಬಹುದು. ಆದರೆ ಲೀಗ್‌ನಲ್ಲಿ ಮುಂದೆ ಓಡುತ್ತಿರುವ ತಂಡದಿಂದ ಮೊದಲ ರೈಟ್ ಬ್ಯಾಕ್‌ನನ್ನು ನಡುವೆ ಕಿತ್ತು ಕೊಡುವ ಧೈರ್ಯ ನಾನಂತೂ ಮಾಡುತ್ತಿರಲಿಲ್ಲ. ಈ ಒಂದು ನಿರ್ಧಾರದಲ್ಲಿ ನಾನು ಕ್ಲಬ್ ಪರ.

ಮ್ಯಾಡ್ರಿಡ್ ನಿಜವಾಗಿ ಎದುರಾಳಿಯಾ ಅನ್ನೋದು ಉಳಿಯುತ್ತೆ. 2018ರಲ್ಲಿ ಕೀವ್‌ನಲ್ಲಿ, 2022ರಲ್ಲಿ ಪ್ಯಾರಿಸ್‌ನಲ್ಲಿ ಸೋತವರಿಗೆ ಹೌದು ಅನ್ನಿಸುವುದು ಸಹಜ. ಪ್ಯಾರಿಸ್‌ನ ಆ ಗೋಲು ನೆನಪಿದೆಯಾ? ವಾಲ್ವೆರ್ಡೆ ಬಲಗಡೆಯಿಂದ ನೆಲಕ್ಕಂಟಿಸಿ ಚೆಂಡು ಬೀಸಿದ, ವಿನಿಶಿಯಸ್ ದೂರದ ಕಂಬದ ಹತ್ತಿರ ಒಬ್ಬನೇ ನಿಂತಿದ್ದ, ಅವನು ನುಸುಳಿದ್ದು ಟ್ರೆಂಟ್‌ನ ಬೆನ್ನ ಹಿಂದಿನಿಂದ. ಅದೇ ಮ್ಯಾಡ್ರಿಡ್‌ಗೆ ಹೋದ ಅಂದರೆ ಗಾಯಕ್ಕೆ ಉಪ್ಪು ಸವರಿದ ಹಾಗೇ. ಆದರೂ ಇಂಗ್ಲೆಂಡಿನ ಒಳಗಿನ ಹಗೆತನ ಬೇರೆಯದೇ ಮಟ್ಟದ್ದು. ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಲಿವರ್‌ಪೂಲ್ ನಡುವೆ ನೇರವಾಗಿ ಒಬ್ಬ ಆಟಗಾರ ಕೈಬದಲಾಗಿದ್ದು ಕೊನೆಯ ಸಲ 1964ರಲ್ಲಿ, ಫಿಲ್ ಚಿಸ್ನಾಲ್. 2007ರಲ್ಲಿ ಯುನೈಟೆಡ್‌ನ ಲೆಫ್ಟ್ ಬ್ಯಾಕ್ ಹೈನ್ಸೆ ಲಿವರ್‌ಪೂಲ್‌ಗೆ ಬರಬೇಕು ಅಂತ ಹಟ ಹಿಡಿದ, ವಿಷಯ ಪ್ರೀಮಿಯರ್ ಲೀಗ್‌ನ ಸಮಿತಿಯ ಮುಂದೆ ಹೋಯ್ತು, ಯುನೈಟೆಡ್ ಬಿಡಲೇ ಇಲ್ಲ. ಅವನು ಕೊನೆಗೆ ಹೋದದ್ದು ರಿಯಲ್ ಮ್ಯಾಡ್ರಿಡ್‌ಗೆ! ಅಂದರೆ ಯುನೈಟೆಡ್ ಕಣ್ಣಿಗೆ ಮ್ಯಾಡ್ರಿಡ್ ಎದುರಾಳಿಯ ಸಾಲಿನಲ್ಲಿ ಇರಲಿಲ್ಲ. ಲಿವರ್‌ಪೂಲ್‌ನಿಂದಲೂ ಮ್ಯಾಕ್‌ಮನಮನ್ 1999ರಲ್ಲಿ, ಓವನ್ 2004ರಲ್ಲಿ ಅಲ್ಲಿಗೇ ಹೋಗಿದ್ದರು.

ಬೂ ಬಗ್ಗೆ ಕೇಳಿದ್ದೀರಿ. ಮೇ 11ರಂದು ಆರ್ಸೆನಲ್ ವಿರುದ್ಧ ಬದಲಿ ಆಟಗಾರನಾಗಿ ಬಂದಾಗ ಆನ್‌ಫೀಲ್ಡ್‌ನಲ್ಲೇ ಅವನಿಗೆ ಬೂ ಅಂದರು. ಎರಡು ವಾರದ ನಂತರ ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧದ ಕೊನೆಯ ಪಂದ್ಯದಲ್ಲಿ ಅದೇ ಮೈದಾನ ಚಪ್ಪಾಳೆ ತಟ್ಟಿತು. ನವೆಂಬರ್‌ನಲ್ಲಿ ಮ್ಯಾಡ್ರಿಡ್ ಅಂಗಿಯಲ್ಲಿ ಬಂದಾಗ ಮತ್ತೆ ಬೂ, ಲಿವರ್‌ಪೂಲ್ 1-0ರಿಂದ ಗೆದ್ದಿತು. ಮೂರನೆಯದರ ಬಗ್ಗೆ ನನಗೆ ತಕರಾರಿಲ್ಲ, ಎದುರಾಳಿ ಆಟಗಾರನಿಗೆ ಬೂ ಅನ್ನೋದು ಆಟದ ಭಾಗ. ಮೊದಲನೆಯದು ನನಗೆ ಇಷ್ಟವಾಗಲಿಲ್ಲ. ಅವನು ಆಗಿನ್ನೂ ನಿಮ್ಮದೇ ಕೆಂಪು ಅಂಗಿಯಲ್ಲಿದ್ದ, ಮತ್ತು ಅದೇ ಮೈದಾನದಲ್ಲಿ ಅಕಾಡೆಮಿಯ ಹುಡುಗರೂ ಇರುತ್ತಾರೆ. ಅವರ ಅಪ್ಪ ಅಮ್ಮಂದಿರೂ ಅದನ್ನು ಕೇಳಿಸಿಕೊಳ್ಳುತ್ತಾರೆ. ಮುಂದೆ ಅವರ ಮಗನ ಒಪ್ಪಂದದ ಮಾತು ಬಂದಾಗ ಇದೂ ನೆನಪಾಗುತ್ತೆ. ನಾನು ಅಂಥ ತಂದೆ ತಾಯಿಗಳ ಎದುರು ಕೂತು ಮಾತಾಡಿದ್ದೇನೆ, ಅವರು ಏನನ್ನೂ ಮರೆಯುವುದಿಲ್ಲ.

ನಿಮ್ಮ ತಮ್ಮ ಜರ್ಸಿ ಹಾಕಿಕೊಳ್ಳಲಿ ಬಿಡಿ. 2019ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾ ವಿರುದ್ಧ ಆ 4-0 ರಾತ್ರಿ, 79ನೇ ನಿಮಿಷ, ಕಾರ್ನರ್ ಹತ್ತಿರ ಚೆಂಡು ಇಟ್ಟು ಶಕೀರಿಗೆ ಬಿಟ್ಟುಕೊಡುವವನ ಹಾಗೆ ಒಂದೆರಡು ಹೆಜ್ಜೆ ದೂರ ನಡೆದು, ಬಾರ್ಸಿಲೋನಾದವರು ಇನ್ನೂ ತಿರುಗಿ ನಿಲ್ಲುವ ಮೊದಲೇ ಸರಕ್ಕನೆ ವಾಪಸ್ ಬಂದು ಒರಿಗಿಗೆ ಹೊಡೆದನಲ್ಲ, ಅದು 66 ನಂಬರಿನ ಅಂಗಿಯಲ್ಲೇ. 20 ವರ್ಷದ ಹುಡುಗ. ಅದನ್ನು ಯಾವ ಸಹಿಯೂ ವಾಪಸ್ ತಗೊಳ್ಳೋದಿಲ್ಲ.

ಇನ್ನು ರೈಟ್ ಬ್ಯಾಕ್ ಜಾಗ. ಟ್ರೆಂಟ್ ಥರದವನೇ ಇನ್ನೊಬ್ಬ ಸಿಗ್ತಾನೆ ಅನ್ನುವ ಆಸೆ ಬಿಡಿ, ಅಂಥವರು ಇಲ್ಲ. 2018-19ರಲ್ಲಿ ಅವನು ಲೀಗ್‌ನಲ್ಲಿ 12 ಅಸಿಸ್ಟ್ (ಗೋಲಾಗುವ ಪಾಸ್) ಕೊಟ್ಟು ಡಿಫೆಂಡರ್‌ಗಳಲ್ಲಿ ದಾಖಲೆ ಮಾಡಿದ, ಮರುವರ್ಷ ತಾನೇ ಅದನ್ನು 13ಕ್ಕೆ ಏರಿಸಿದ. ಅವನು ಹಿಂದಿನ ಸಾಲಿನಲ್ಲಿ ಆಡುತ್ತಿದ್ದ ಮಿಡ್‌ಫೀಲ್ಡರ್. ಅವನ ಜಾಗಕ್ಕೆ ಲೆವರ್‌ಕೂಸನ್‌ನಿಂದ 2.95 ಕೋಟಿ ಪೌಂಡ್‌ಗೆ ಬಂದ ಫ್ರಿಂಪಾಂಗ್ ಓಡುವ ಆಟಗಾರ, ಅಂಚಿನಲ್ಲಿ ನುಗ್ಗಿ ಹೋಗುವುದೇ ಅವನ ಬಲ. ಅಪಾಯ ಏನಂದರೆ ಅವನು ಮುಂದೆ ಹೋದಾಗ ಹಿಂದೆ ಜಾಗ ಖಾಲಿ. ಕಾನರ್ ಬ್ರಾಡ್ಲಿ ಅವನಿಗಿಂತ ಗಟ್ಟಿ ಡಿಫೆಂಡರ್, 2024ರ ನವೆಂಬರ್‌ನಲ್ಲಿ ಓಡಿ ಬರುತ್ತಿದ್ದ ಎಂಬಾಪೆಯ ಕಾಲಿನಿಂದ ಚೆಂಡು ಕಿತ್ತ ಆ ಟ್ಯಾಕಲ್‌ಗೆ ಆನ್‌ಫೀಲ್ಡ್ ಗೋಲು ಬಿದ್ದ ಹಾಗೆ ಕೂಗಿತ್ತು. ಅವನ ಕಷ್ಟ ಪದೇಪದೇ ಆಗುವ ಗಾಯ. 2025ರ ಆಗಸ್ಟ್‌ನಲ್ಲಿ ಆರ್ಸೆನಲ್ ವಿರುದ್ಧ ಸೊಬೊಸ್ಲಾಯ್‌ನನ್ನೇ ರೈಟ್ ಬ್ಯಾಕ್ ಮಾಡಿದರು, ಅವನ ಫ್ರೀ ಕಿಕ್‌ನಿಂದಲೇ ಗೆದ್ದರು. ಆದರೆ ಮಿಡ್‌ಫೀಲ್ಡ್‌ನಿಂದ ಅವನನ್ನು ತೆಗೆದರೆ ಅಲ್ಲಿ ತೂತು ಬೀಳುತ್ತೆ, ಅದು ವರ್ಷಪೂರ್ತಿ ನಡೆಯುವ ಉಪಾಯ ಅಲ್ಲ.

ಇವರಲ್ಲಿ ಯಾರು ಆಡಿದರೂ ನೀವು ಒಂದು ವಿಷಯ ಗಮನಿಸಿ. ಎದುರಾಳಿಗಳು ಹಿಂದೆ ಸರಿದು ಗುಂಪಾಗಿ ನಿಂತಾಗ ಟ್ರೆಂಟ್ ನಲವತ್ತು ಗಜ ದೂರದಿಂದಲೇ ಅವರ ತಲೆ ಮೇಲಿಂದ ಚೆಂಡು ದಾಟಿಸುತ್ತಿದ್ದ, ಬಲಗಡೆಯ ಆಟಗಾರ ಓಡುತ್ತಲೇ ಅದನ್ನು ಹಿಡಿಯುತ್ತಿದ್ದ. ಈಗ ಆ ಆಟಗಾರನಿಗೆ ಚೆಂಡು ಎಲ್ಲಿ ಸಿಗುತ್ತಿದೆ, ಓಡುವಾಗಲೋ, ಬೆನ್ನು ಗೋಲಿನ ಕಡೆ ಮಾಡಿ ನಿಂತಿರುವಾಗಲೋ ನೋಡಿ. ನಿಂತಾಗಲೇ ಜಾಸ್ತಿ ಸಿಗುತ್ತಿದ್ದರೆ ಆ ಪಾಸನ್ನು ಮಿಡ್‌ಫೀಲ್ಡ್‌ನಿಂದ ಯಾರಾದರೂ ಕೊಡಬೇಕು. ಅಲ್ಲಿಯವರೆಗೆ ರೈಟ್ ಬ್ಯಾಕ್‌ಗೆ ಯಾರನ್ನು ತಂದರೂ ಆ ಕೊರತೆ ಹಾಗೇ ಇರುತ್ತೆ.